ರೆಕ್ಕೆಯ ಅಳತೆಯಿದೆ, ಹಾರಿಸಿದವನ ಹೆಸರಿಲ್ಲ

ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿ ಅಗಲವಾಗುತ್ತ ಕಡಲಿನ ಕಡೆಗೆ ಸಾಗುವಲ್ಲಿ, ಕೆಂಟ್ ಸೀಮೆಯ ಗ್ರೇವ್ಸೆಂಡ್ ಎಂಬ ಊರಿದೆ. ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ ಬೆಳೆದ ನಾನು ಅಲ್ಲಿ ನೆಲೆಸಿ ಹದಿನೇಳು ವರ್ಷಗಳಾದವು. ಸಂಜೆ ನದಿಯ ದಂಡೆಗೆ ತಿರುಗಾಡಲು ಹೋದಾಗಲೆಲ್ಲ ಪೇಟ ಸುತ್ತಿದ, ಹಾರಾಟದ ಉಡುಪು ತೊಟ್ಟ ಒಬ್ಬ ಸಿಖ್ ಪೈಲಟ್‌ನ ಕಂಚಿನ ಪ್ರತಿಮೆ ಎದುರಾಗುತ್ತದೆ. ಅವರು ಮಹಿಂದರ್ ಸಿಂಗ್ ಪೂಜಿ. 1940ರಲ್ಲಿ ಭಾರತದಿಂದ ಬ್ರಿಟನ್ನಿಗೆ ಹೊರಟ ಇಪ್ಪತ್ತನಾಲ್ಕು ಮಂದಿ ಪೈಲಟ್‌ಗಳಲ್ಲಿ ಒಬ್ಬರಾಗಿ, ಹರಿಕೇನ್ ವಿಮಾನಗಳನ್ನು ಹಾರಿಸಿ, ಮುಂದೆ ಬರ್ಮಾ ರಂಗದಲ್ಲೂ ಸೇವೆ ಸಲ್ಲಿಸಿ, ಕೊನೆಗಾಲವನ್ನು ಇದೇ ಗ್ರೇವ್ಸೆಂಡಿನಲ್ಲಿ ಕಳೆದು 2010ರಲ್ಲಿ ತೀರಿಕೊಂಡರು. ಪ್ರತಿಮೆ ನಿಂತದ್ದು 2014ರಲ್ಲಿ. ಜಗತ್ತಿನ ನಾನಾ ಕಡೆಗಳಿಂದ ಬಂದು ಬ್ರಿಟನ್ನಿನ ಪರವಾಗಿ ಹೋರಾಡಿದವರೆಲ್ಲರ ನೆನಪಿಗೆ ಅದನ್ನು ನಿಲ್ಲಿಸಿದರಾದರೂ, ಆ ‘ಎಲ್ಲರ’ ಬದಲಿಗೆ ಒಂದು ಅಮೂರ್ತ ಕಂಬವನ್ನು ನೆಡದೆ ಊರಿನವರಿಗೆ ಗುರುತಿದ್ದ ಒಬ್ಬ ಮನುಷ್ಯನನ್ನು ಆರಿಸಿಕೊಂಡದ್ದು ನನ್ನ ಮನಸ್ಸಿಗೆ ಹಿಡಿಸಿತು.

ಕೆಂಟ್ ಸೀಮೆಯಲ್ಲಿ ಇಂಥ ನೆನಪುಗಳಿಗೆ ಬರವಿಲ್ಲ. 1940ರ ಬೇಸಿಗೆಯಲ್ಲಿ ಜರ್ಮನರ ವಿಮಾನಗಳು ಕಡಲುಗಾಲುವೆ (ಇಂಗ್ಲಿಷ್ ಚಾನೆಲ್) ದಾಟಿ ಮೊದಲು ಹೊಕ್ಕದ್ದು ಈ ಆಕಾಶವನ್ನೇ. ಫೋಕ್‌ಸ್ಟನ್ನಿನ ಪಕ್ಕದ ಕೇಪಲ್-ಲ-ಫರ್ನ್ ಎಂಬಲ್ಲಿ ಸುಣ್ಣಕಲ್ಲಿನ ಬಂಡೆಯಂಚಿನ ಹುಲ್ಲುಗಾವಲಿನಲ್ಲಿ ಒಂದು ಭಾರೀ ಪ್ರೊಪೆಲ್ಲರಿನ ಆಕಾರವನ್ನು ಬಿಡಿಸಿ, ಅದರ ನಡುವೆ ಕಡಲಿನತ್ತ ಮುಖ ಮಾಡಿ ಸುಮ್ಮನೆ ಕುಳಿತ ಒಬ್ಬ ಯುವ ಪೈಲಟ್‌ನ ಮೂರ್ತಿಯನ್ನು ಇರಿಸಿದ್ದಾರೆ. ಕೈಯಲ್ಲಿ ಆಯುಧವಿಲ್ಲ, ಮುಖದಲ್ಲಿ ವೀರಾವೇಶವಿಲ್ಲ. ಹತ್ತಿರದ ಗೋಡೆಯ ಮೇಲೆ, ‘ಬ್ಯಾಟಲ್ ಆಫ್ ಬ್ರಿಟನ್’ ಎಂದು ಹೆಸರಾದ ಆ ಕದನದಲ್ಲಿ ಹಾರಿದ ಸುಮಾರು 2,900 ಮಂದಿಯ ಹೆಸರುಗಳಿವೆ. ಈ ಪಟ್ಟಿಗೆ ಸೇರಲು ಒಂದು ಕಟ್ಟುನಿಟ್ಟಾದ ನಿಯಮವುಂಟು: 1940ರ ಜುಲೈ 10ರಿಂದ ಅಕ್ಟೋಬರ್ 31ರ ನಡುವೆ, ಗೊತ್ತುಪಡಿಸಿದ ದಳಗಳಲ್ಲಿ ಒಂದರಿಂದ, ಕನಿಷ್ಠ ಒಂದು ಸಲವಾದರೂ ಕದನದ ಹಾರಾಟ ಮಾಡಿರಬೇಕು. ಸತ್ತವರು, ಬದುಕುಳಿದವರು, ಶತ್ರುವಿಮಾನವನ್ನು ಕೆಡವಿದವರು, ಏನನ್ನೂ ಕೆಡವದವರು ಎಂಬ ಭೇದವಿಲ್ಲ, ಹಾರಿದ್ದರೆ ಸಾಕು. ಆ ಪೈಲಟ್‌ಗಳಲ್ಲಿ ಕೊನೆಯವರು 105ನೆಯ ವಯಸ್ಸಿನಲ್ಲಿ, 2025ರ ಮಾರ್ಚ್‌ನಲ್ಲಿ ತೀರಿಕೊಂಡಾಗ ನಮ್ಮೂರಿನ ತರಕಾರಿ ಅಂಗಡಿಯಲ್ಲೂ ಅದೇ ಮಾತು.

ವಿಮಾನಗಳ ವಿಷಯದಲ್ಲೂ ಇದೇ ಬಗೆಯ ಹಠ. ರಾಯಲ್ ಏರ್ ಫೋರ್ಸ್‌ನ ಸ್ಮಾರಕ ದಳದಲ್ಲಿ ಇಂದಿಗೂ ಹಾರುವ ಪಿ7350 ಎಂಬ ಸ್ಪಿಟ್‌ಫೈರ್ ಯುದ್ಧವಿಮಾನವೊಂದಿದೆ. 1940ರ ಕದನದಲ್ಲಿ ಅದು ಪೆಟ್ಟು ತಿಂದು ನೆಲಕ್ಕಿಳಿದಿತ್ತು. ಗುಂಡಿನ ತೂತುಗಳಿಗೆ ಹಾಕಿದ ತೇಪೆಯ ಗುರುತುಗಳು ಅದರ ರೆಕ್ಕೆಯಲ್ಲಿವೆ ಎಂದು ನೋಡಲು ಬಂದವರಿಗೆ ತೋರಿಸುತ್ತಾರೆ. ಅವರಿಗೆ ‘ಸ್ಪಿಟ್‌ಫೈರ್’ ಎಂಬ ಜಾತಿವಾಚಕ ಸಾಲದು. ಯಾವ ಸ್ಪಿಟ್‌ಫೈರ್, ಯಾವ ದಳದ್ದು, ಯಾರು ಹಾರಿಸಿದ್ದು, ಯಾವ ದಿನ ಏನಾಯಿತು ಎಂಬುದಿಲ್ಲದೆ ಅವರ ಮಾತು ಮುಂದೆ ಹೋಗುವುದಿಲ್ಲ. ಹಾಗೆಂದು ಅವರು ಹುಟ್ಟಾ ಜೋಪಾನದ ಜನ ಎಂದು ತಿಳಿಯಬೇಕಾಗಿಲ್ಲ. ಇದೇ ಪಿ7350ಯನ್ನು 1948ರಲ್ಲಿ ಗುಜರಿಗೆ ಮಾರಿದ್ದರು, ಇಪ್ಪತ್ತೈದು ಪೌಂಡಿಗೆ. ಕೊಂಡ ಗುಜರಿ ಸಂಸ್ಥೆಯವರೇ ಅದರ ಚರಿತ್ರೆ ತಿಳಿದು ಹಿಂದಕ್ಕೆ ಕೊಟ್ಟದ್ದರಿಂದ ಅದು ಉಳಿಯಿತು.

ಕಳೆದ ಸಲ ಬೆಂಗಳೂರಿಗೆ ಬಂದಾಗ, ನಗರದ ಒಂದೆಡೆ ಕಟ್ಟೆಯ ಮೇಲೆ ನಿಲ್ಲಿಸಿದ ಹಳೆಯ ಯುದ್ಧವಿಮಾನವೊಂದರ ಮುಂದೆ ನಿಂತು ಅದರ ಫಲಕವನ್ನು ಎರಡು ಸಲ ಓದಿದೆ. ರೆಕ್ಕೆಯ ಅಗಲ, ಒಟ್ಟು ಉದ್ದ, ಎಂಜಿನ್ನಿನ ಹೆಸರು, ಗರಿಷ್ಠ ವೇಗ, ಏರಬಲ್ಲ ಎತ್ತರ: ಎಲ್ಲವೂ ಇತ್ತು. ಯಾರು ಹಾರಿಸಿದರು ಎಂಬುದಿರಲಿಲ್ಲ. ಯುದ್ಧಕ್ಕೆ ಹೋಗಿತ್ತೇ ಇಲ್ಲವೇ ಎಂಬುದೂ ಇರಲಿಲ್ಲ. ಫಲಕ ಕೆಟ್ಟದ್ದಾಗಿತ್ತೆಂದು ನನ್ನ ದೂರಲ್ಲ. ಬಣ್ಣ ಹೊಸದಾಗಿತ್ತು, ಅಕ್ಷರ ಸ್ಪಷ್ಟವಾಗಿತ್ತು. ಆದರೆ ಅದು ವಿಮಾನವನ್ನು ಮಾರಲು ಅಚ್ಚು ಹಾಕಿಸಿದ ಕರಪತ್ರದಂತಿತ್ತು. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡಿದ್ದ ತಂದೆಯೊಬ್ಬರು ‘ಇದು ಫೈಟರ್ ಪ್ಲೇನು ಕಂದ, ನಿಲ್ಲು, ಫೋಟೋ ತೆಗೀತೀನಿ’ ಎಂದರು. ಅವರಿಗೆ ಅದಕ್ಕಿಂತ ಹೆಚ್ಚು ಹೇಳಲು ಆ ಫಲಕ ಏನನ್ನೂ ಒದಗಿಸಿರಲಿಲ್ಲ.

ಬೇರೆ ಯಾವುದೋ ಊರಾಗಿದ್ದರೆ ಇಷ್ಟು ಕಸಿವಿಸಿಯಾಗುತ್ತಿರಲಿಲ್ಲ. ಬೆಂಗಳೂರು 1940ರಿಂದ ವಿಮಾನದ ಊರು. ಆ ವರ್ಷದ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಬಂಡವಾಳ ಮತ್ತು ಭೂಮಿಯ ನೆರವಿನಿಂದ ಇಂದಿನ ಎಚ್‌ಎಎಲ್‌ಗೆ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1941ರಲ್ಲಿ ಹಾರ್ಲೊ ತರಬೇತಿ ವಿಮಾನವೂ 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಇಲ್ಲಿ ಜೋಡಣೆಗೊಂಡು ಹಾರಿದವು. ಆಮೇಲೆ ಇಡೀ ಕಾರ್ಖಾನೆ ಅಮೆರಿಕದ ಸೇನೆಯ ದುರಸ್ತಿ ಕೇಂದ್ರವಾಗಿ, ಬರ್ಮಾ ಮತ್ತು ಚೀನಾ ರಂಗಗಳಿಂದ ಬಂದ ವಿಮಾನಗಳನ್ನು ಓವರ್‌ಹಾಲ್ ಮಾಡಿ ಕಳುಹಿಸಿತು. ಸ್ವಾತಂತ್ರ್ಯ ಬಂದ ಬಳಿಕ, ಕಾನ್ಪುರದಲ್ಲಿ ಮತ್ತೆ ಹಾರದಂತೆ ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಅಲ್ಲಿಂದ ಹೇಗೋ ಹಾರಿಸಿ ತಂದು ಸರಿಪಡಿಸಿದ್ದೂ ಇಲ್ಲಿನವರೇ. ಅಂಥ ಲಿಬರೇಟರ್‌ಗಳ ಸಾಲಿನ ಒಂದನ್ನು ನಮ್ಮ ವಾಯುಪಡೆ 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ಕೊಟ್ಟಿತು. ಆ ದಶಕದ ಕೊನೆಯಲ್ಲಿ ನಮ್ಮ ವಾಯುನೆಲೆಗಳ ಮೂಲೆಗಳಲ್ಲಿ ಬಿದ್ದಿದ್ದ ಹಳೆಯ ಸ್ಪಿಟ್‌ಫೈರ್ ಮತ್ತು ಟೆಂಪೆಸ್ಟ್‌ಗಳನ್ನು ಇಂಗ್ಲೆಂಡಿನ ಸಂಗ್ರಾಹಕರು ಕೊಂಡು ಹಡಗಿಗೆ ಹಾಕಿದರು. ಅವುಗಳಲ್ಲಿ ಕೆಲವು ಮತ್ತೆ ಹಾರಿವೆ. ನಾನು ಟಿಕೆಟ್ ತೆಗೆದುಕೊಂಡು ನೋಡಿದ ಏರ್‌ಶೋ ಒಂದರಲ್ಲಿ ತಲೆಯ ಮೇಲೆ ಹಾದುಹೋದದ್ದು ಒಂದು ಕಾಲಕ್ಕೆ ಭಾರತದ ಬಿಸಿಲಿನಲ್ಲಿ ಒಣಗಿದ ವಿಮಾನವೇ ಇರಬಹುದು ಎಂಬ ಯೋಚನೆ ಬಂದಾಗ ನಗಬೇಕೋ ನಾಚಬೇಕೋ ತಿಳಿಯಲಿಲ್ಲ.

ಇನ್ನೊಂದು ಸೋಜಿಗವಿದೆ. 1941ರ ಶರತ್ಕಾಲದಲ್ಲಿ ಫೋಕೆವುಲ್ಫ್ 190 ಎಂಬ ಜರ್ಮನ್ ವಿಮಾನ ಕಡಲುಗಾಲುವೆಯ ಮೇಲೆ ಕಾಣಿಸಿಕೊಂಡು, ಅಂದಿನ ಸ್ಪಿಟ್‌ಫೈರನ್ನು ಸುಮಾರು ಒಂದು ವರ್ಷದ ಮಟ್ಟಿಗೆ ಹಿಂದೆ ಹಾಕಿತ್ತು. ಕೆಂಟ್ ಸೀಮೆಯ ಮುದುಕರ ಮಾತಿನಲ್ಲಿ ಆ ಹೆಸರಿಗೆ ಇಂದಿಗೂ ಒಂದು ತೂಕವಿದೆ. ಅದನ್ನು ರೂಪಿಸಿದ ಕುರ್ಟ್ ಟಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳೊಡನೆ ಸೇರಿ ಎಚ್‌ಎಫ್-24 ಮಾರುತ್ ವಿಮಾನವನ್ನು ವಿನ್ಯಾಸಗೊಳಿಸಿದರು. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು, ಬೆಂಗಳೂರಿನ ಆಕಾಶದಲ್ಲಿ. ಒಟ್ಟು 147 ಮಾರುತ್‌ಗಳು ತಯಾರಾದವು. 1971ರಲ್ಲಿ ರಾಜಸ್ಥಾನದ ಗಡಿಯಾಚೆ ನೆಲಗುರಿಗಳ ಮೇಲೆ ಎರಗಿದ ಅವು ನೆಲದಿಂದ ಹಾರಿಸಿದ ಗುಂಡಿಗೆ ಬಿದ್ದದ್ದುಂಟು, ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಗ್ರೇವ್ಸೆಂಡಿನ ನನ್ನ ನೆರೆಯ ಇಂಗ್ಲಿಷ್ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಚಹಾದ ಬಟ್ಟಲನ್ನು ಕೆಳಗಿಟ್ಟು ‘ಟಾಂಕ್? ಅದೇ ಟಾಂಕ್?’ ಎಂದರು. ಮುರುಗೇಶಪಾಳ್ಯದಲ್ಲಿ ನಾನು ಯಾರಿಗೆ ಹೇಳಿದರೂ ಇಷ್ಟು ಅಚ್ಚರಿ ಹುಟ್ಟಿಲ್ಲ.

ಈಗ ಹೆಸರುಗಳ ಮಾತು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಇಳಿಯುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುತ್ತಾರೆ. ನನ್ನ ಬಾಲ್ಯವಿಡೀ ಆ ಹೆಸರನ್ನು ಬಸ್ ನಿಲ್ದಾಣದ ಹೆಸರಾಗಿಯೇ ತಿಳಿದಿದ್ದೆ. ಮಾರುತ್ ಮೊದಲ ಸಲ ನೆಲ ಬಿಟ್ಟಾಗ ಕಾಕ್‌ಪಿಟ್ಟಿನಲ್ಲಿದ್ದವರು ಸುರಂಜನ್ ದಾಸ್. 1970ರ ಜನವರಿ 10ರಂದು ಅದೇ ಮಾರುತ್‌ನ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಬೆಂಗಳೂರಿನಲ್ಲಿಯೇ ಅಪಘಾತಕ್ಕೆ ಸಿಕ್ಕಿ ಮಡಿದವರೂ ಅವರೇ. ರಸ್ತೆಗೆ ಅವರ ಹೆಸರನ್ನಿಟ್ಟವರು ಒಳ್ಳೆಯದನ್ನೇ ಮಾಡಿದರು. ಆದರೆ ಹೆಸರನ್ನು ಇಟ್ಟು ಕಥೆಯನ್ನು ಬಿಟ್ಟರೆ, ಎರಡು ತಲೆಮಾರಿನಲ್ಲಿ ಆ ಹೆಸರು ಬರೀ ವಿಳಾಸವಾಗುತ್ತದೆ. ನಾನು ಇಂಗ್ಲೆಂಡಿಗೆ ಹೋಗಿ, ವಿಮಾನಗಳ ಬಗ್ಗೆ ಓದುವ ಚಟ ಹತ್ತಿದ ಮೇಲೆ, ನಲವತ್ತರ ವಯಸ್ಸಿನಲ್ಲಿ, ನನ್ನ ಮನೆಯಿಂದ ಕೂಗಳತೆಯ ದೂರದಲ್ಲಿದ್ದ ಆ ಹೆಸರಿನ ಅರ್ಥವನ್ನು ತಿಳಿದುಕೊಂಡೆ.

ಕೊಡಗಿನ ಅಜ್ಜಮಾಡ ದೇವಯ್ಯನವರ ವಿಷಯವಂತೂ ಇನ್ನೂ ವಿಚಿತ್ರ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ತೇರ್ ವಿಮಾನಗಳ ತಂಡದಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ಮೀಸಲು ಪೈಲಟ್. ಯಾರಾದರೂ ಹಿಂದೆ ಸರಿಯಬೇಕಾದರೆ ಮಾತ್ರ ಅವರ ಸರದಿ. ಸರದಿ ಬಂತು. ಹಿಂದಿರುಗುವ ದಾರಿಯಲ್ಲಿ ಶಬ್ದದ ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್ ಬೆನ್ನಟ್ಟಿತು. ಮಿಸ್ತೇರ್ ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಓಡಿ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಪೆಟ್ಟು ತಿಂದ ವಿಮಾನವನ್ನು ದೇವಯ್ಯ ತಿರುಗಿಸಿ ಎದುರು ನಿಂತರು, ಆ ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು, ತಾವು ಮರಳಲಿಲ್ಲ. ಪಾಕಿಸ್ತಾನದ ಪೈಲಟ್ ಹೊರಕ್ಕೆ ಚಿಮ್ಮಿ ಬದುಕಿಕೊಂಡರು. ನಮ್ಮ ಕಡೆಯ ಯಾರೂ ಆ ಕಾಳಗವನ್ನು ಕಂಡಿರಲಿಲ್ಲ. ದೇವಯ್ಯನವರ ಹೆಸರು ‘ಕಾಣೆಯಾದವರು’ ಎಂಬ ಪಟ್ಟಿಗೆ ಸೇರಿತು. ನಡೆದದ್ದೇನೆಂದು ಬಯಲಾದದ್ದು ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಇಂಗ್ಲಿಷ್ ಲೇಖಕರೊಬ್ಬರು 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ನಮ್ಮ ಸರ್ಕಾರ ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ.

ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಕೊಡಗಿನವರು ತಮ್ಮವರನ್ನು ಮರೆಯುವ ಜನವಲ್ಲ. ಬೆಂಗಳೂರಿನ ಮಾತೇ ಬೇರೆ. ವಾಯುಪಡೆಯ ತರಬೇತಿ ಕಮಾಂಡಿನ ಮುಖ್ಯ ಕಚೇರಿ ಇಲ್ಲಿದೆ, ಯಲಹಂಕದಲ್ಲಿ 1996ರಿಂದ ಏರೋ ಇಂಡಿಯಾ ನಡೆಯುತ್ತಿದೆ, ಟಿಕೆಟ್ಟಿಗಾಗಿ ಬಂಧುಗಳು ನನಗೆ ವಾಟ್ಸಾಪ್ ಮಾಡುತ್ತಾರೆ. ಮುಂದಿನ ವಿಮಾನದ ಬಗ್ಗೆ ನಮಗಿರುವ ಕುತೂಹಲದಲ್ಲಿ ಹತ್ತರಲ್ಲೊಂದು ಪಾಲು ಹಿಂದಿನ ಪೈಲಟ್‌ನ ಬಗ್ಗೆ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಇಂಗ್ಲೆಂಡನ್ನು ಹೊಗಳಿ ತಾಯ್ನಾಡನ್ನು ತೆಗಳುವ ಹೊರನಾಡಿಗರ ಸಾಲಿಗೆ ನನ್ನನ್ನು ಸೇರಿಸುವ ಮುನ್ನ ಅಲ್ಲಿನ ಓರೆಕೋರೆಗಳನ್ನೂ ಹೇಳುತ್ತೇನೆ. ಸ್ಪಿಟ್‌ಫೈರ್ ಅಲ್ಲಿ ವಿಮಾನವಾಗಿ ಉಳಿದಿಲ್ಲ. ಫ್ರಿಜ್ಜಿನ ಮೇಲಿನ ಆಯಸ್ಕಾಂತವಾಗಿದೆ, ಕೆಂಟಿನಲ್ಲೇ ತಯಾರಾಗುವ ಬಿಯರಿನ ಹೆಸರಾಗಿದೆ, ಚುನಾವಣೆ ಬಂದಾಗ ರಾಜಕಾರಣಿಗಳ ಭಾಷಣದ ಅಲಂಕಾರವಾಗಿದೆ. ಗೆದ್ದ, ಚೆಂದದ, ಮನೆಯ ಆಕಾಶದಲ್ಲಿ ನಡೆದ ಕದನವನ್ನು ಅವರು ನೆನೆದಷ್ಟು ಉಳಿದದ್ದನ್ನು ನೆನೆಯಲಿಲ್ಲ. ಜರ್ಮನಿಯ ನಗರಗಳ ಮೇಲೆ ಬಾಂಬು ಹಾಕಿದ ದಳಗಳಲ್ಲಿ 55,573 ಮಂದಿ ಸತ್ತರು; ಆ ನಗರಗಳಲ್ಲಿ ಸತ್ತ ಜನಸಾಮಾನ್ಯರ ನೆನಪು ಚುಚ್ಚುತ್ತಿದ್ದುದರಿಂದಲೋ ಏನೋ, ಲಂಡನ್ನಿನಲ್ಲಿ ಆ ಬಾಂಬರ್ ದಳಕ್ಕೆ ಸ್ಮಾರಕ ಎದ್ದದ್ದು 2012ರಲ್ಲಿ. ನಮ್ಮ ಪೂಜಿಯವರ ಪ್ರತಿಮೆಯೂ ಅವರು ಸತ್ತ ಮೇಲಿನದು. ಹಳೆಯ ವಿಮಾನಗಳನ್ನು ಹಾರಿಸಿಯೇ ನೆನೆಯಬೇಕೆಂಬ ಹಟಕ್ಕೂ ಬೆಲೆ ತೆರುತ್ತಾರೆ. 2015ರಲ್ಲಿ ಶೋರ್‌ಹ್ಯಾಮ್ ಏರ್‌ಶೋದಲ್ಲಿ ಹಳೆಯ ಹಂಟರ್ ವಿಮಾನ ರಸ್ತೆಯ ಮೇಲೆ ಬಿದ್ದು ಹನ್ನೊಂದು ಮಂದಿ ಸತ್ತರು. 2024ರ ಮೇ ತಿಂಗಳಲ್ಲಿ ಸ್ಮಾರಕ ದಳದ್ದೇ ಒಂದು ಸ್ಪಿಟ್‌ಫೈರ್ ಬಿದ್ದು ಅದರ ಪೈಲಟ್ ತೀರಿಕೊಂಡರು. ಬೆಂಗಳೂರಿನ ಮನೆಗಳ ಮೇಲೆ ಹಳೆಯ ನ್ಯಾಟ್ ಯುದ್ಧವಿಮಾನ ಹಾರಾಡಬೇಕೆಂದು ನಾನು ಕೇಳುವವನಲ್ಲ.

ನಾನು ಕೇಳುವುದು ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾದ ವಿದ್ಯೆಯನ್ನೂ ಅಲ್ಲ. ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ, ಅಲ್ಲಿ ಒಂದು ಮಾರುತ್ ನಿಂತಿದೆ. ಅದರ ಪಕ್ಕದಲ್ಲೇ ಕೆಂಪು ಗೋಡೆಯ ಸರ್ಕಾರಿ ವಸ್ತುಸಂಗ್ರಹಾಲಯ. ಆತಕೂರಿನಿಂದ ತಂದ, ಹತ್ತನೆಯ ಶತಮಾನದ ಶಾಸನದ ಕಲ್ಲು ಅಲ್ಲಿಯದು. ತಕ್ಕೋಲದ ಕಾಳಗದಲ್ಲಿ ಚೋಳರ ವಿರುದ್ಧ ಕಾದಿದ ಮಣಲೇರ ಎಂಬ ವೀರ ತನ್ನ ಒಡೆಯ ಗಂಗರ ಬೂತುಗನಿಂದ ಪಡೆದ ‘ಕಾಳಿ’ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು ಅದು. ನಾಯಿಯ ಹೆಸರು ಅದರಲ್ಲಿದೆ. ಎಲ್ಲಿ ಸತ್ತಿತು, ಹೇಗೆ ಸತ್ತಿತು ಎಂಬುದಿದೆ. ಕಲ್ಲಿನ ಪೂಜೆಗೆ ಬಿಟ್ಟ ಭೂಮಿಯ ವಿವರವಿದೆ. ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಪೂಜಾರಿಗೆ) ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಇದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ನಿರ್ವಹಣೆಯ ಗುತ್ತಿಗೆಯನ್ನೂ ಕಲ್ಲಿನಲ್ಲೇ ಕೊರೆದಿಟ್ಟಿದ್ದಾರೆ.

ಇದು ಒಂದು ಕಲ್ಲಿನ ಮಾತಲ್ಲ. ಬೇಗೂರಿನ ಶಾಸನದಲ್ಲಿ ‘ಬೆಂಗುಳೂರ ಕಾಳಗ’ ಎಂಬ ಮಾತು ಸಿಗುವುದೇ ಆ ಕಾಳಗದಲ್ಲಿ ಸತ್ತವನೊಬ್ಬನ ಹೆಸರನ್ನು ಉಳಿಸುವ ಸಲುವಾಗಿ. ಈ ಊರಿನ ಹೆಸರು ನಮಗೆ ಒಂಬತ್ತನೆಯ ಶತಮಾನದಿಂದ ದೊರಕಿರುವುದು ಒಂದು ಯುದ್ಧಸ್ಮಾರಕದ ಉಪಕಾರದಿಂದ. ಹೆಬ್ಬಾಳದಲ್ಲಿ, ಯಲಹಂಕಕ್ಕೆ ಏರ್‌ಶೋ ನೋಡಲು ಹೋಗುವವರು ಫ್ಲೈಓವರಿನ ಮೇಲೆ ಹಾದುಹೋಗುವ ಅದೇ ಹೆಬ್ಬಾಳದಲ್ಲಿ, ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲಿದೆ: ರಟ್ಟವಾಡಿಯವರು ದಂಡೆತ್ತಿ ಬಂದಾಗ ಕಾದಿ ಮಡಿದವನು. ಮಣ್ಣುಪಾಲಾಗುವುದರಲ್ಲಿದ್ದ ಆ ಕಲ್ಲನ್ನು ಕೆಲವು ವರ್ಷಗಳ ಹಿಂದೆ ಆಸಕ್ತ ನಾಗರಿಕರು ಎತ್ತಿ, ಮಂಟಪ ಕಟ್ಟಿ ಉಳಿಸಿದರು. ಕನ್ನಡ ನಾಡಿನಲ್ಲಿ ಇಂಥ ಕಲ್ಲುಗಳು ಸಾವಿರಗಟ್ಟಲೆ. ಅವುಗಳಲ್ಲಿ ಬಹುಪಾಲು ರಾಜರವಲ್ಲ. ತುರುಗೊಳ್ಳಲು ಬಂದವರನ್ನು ತಡೆದ, ಊರು ಕಾದ ಸಾಮಾನ್ಯರವು. ಯಾರು, ಯಾರ ಮಗ, ಯಾವ ಕಾಳಗ, ಯಾರೊಡನೆ ಕಾದಿ ಸತ್ತ ಎಂದು ಹೇಳುತ್ತವೆ. ಕತ್ತಿಯ ಉದ್ದ ಎಷ್ಟಿತ್ತು ಎಂದು ಯಾವ ವೀರಗಲ್ಲೂ ಹೇಳುವುದಿಲ್ಲ.

ಅರಮನೆ ರಸ್ತೆಯ ಬಳಿಯ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಬೃಹತ್ತಾದ ವೀರಗಲ್ಲನ್ನು ನಿಲ್ಲಿಸಿ, ಸ್ವಾತಂತ್ರ್ಯಾನಂತರ ಮಡಿದ ಸೈನಿಕರ ಹೆಸರುಗಳನ್ನು ಕೆತ್ತಿದ್ದಾರೆ. ಅದನ್ನು ಕಲ್ಪಿಸಿದವರಿಗೆ ಪರಂಪರೆಯ ಅರಿವಿತ್ತು. ಆದರೆ ಅಲ್ಲಿಯದು ಹೆಸರುಗಳ ಕಡಲು, ಅಲ್ಲಿ ಒಬ್ಬೊಬ್ಬನ ಕಥೆಗೆ ಜಾಗವಿರಲು ಸಾಧ್ಯವಿಲ್ಲ. ಇತ್ತ ವಿಮಾನಗಳು ಕಥೆಯೂ ಇಲ್ಲದೆ ಹೆಸರೂ ಇಲ್ಲದೆ ಬೇರೆಡೆ ನಿಂತಿವೆ. ವಿಮಾನವನ್ನೇ ವೀರಗಲ್ಲಾಗಿ ಮಾಡಲು ಬೇಕಾದದ್ದು ಕನ್ನಡದಲ್ಲಿ ಹತ್ತು ಸಾಲು. ಇದರ ಸಂಖ್ಯೆ ಇಂಥದು, ಇಂಥ ವರ್ಷ ಈ ಊರಿನಲ್ಲಿಯೇ ತಯಾರಾಯಿತು, ಇಂಥ ದಳದಲ್ಲಿತ್ತು, ಇಂಥವರು ಹಾರಿಸಿದರು, ಇಂಥ ದಿನ ಹೀಗಾಯಿತು. ಯುದ್ಧವನ್ನೇ ಕಾಣದ ವಿಮಾನವಾದರೆ ಅದನ್ನೂ ಹೇಳಲಿ; ಅಂಥ ವಿಮಾನದಲ್ಲಿ ಹಾರಲು ಕಲಿತವರು ಇದ್ದೇ ಇರುತ್ತಾರೆ.

ಸೋಲನ್ನು ಬರೆಯಬೇಕಾಗುತ್ತದೆ ಎಂಬ ಅಂಜಿಕೆಯೂ ಬೇಡ. 1965ರ ಸೆಪ್ಟೆಂಬರ್ 3ರಂದು ನಮ್ಮ ನ್ಯಾಟ್ ಒಂದು ಪಾಕಿಸ್ತಾನದ ಪಸ್ರೂರಿನ ರನ್‌ವೇಯಲ್ಲಿ ಇಳಿದು ಅವರ ಕೈವಶವಾಯಿತು. ಅದು ಕರಾಚಿಯ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ಅದೇ ದಿನ ಟ್ರೆವರ್ ಕೀಲರ್ ಇನ್ನೊಂದು ನ್ಯಾಟ್‌ನಿಂದ ಪಾಕಿಸ್ತಾನದ ಸೇಬರ್ ವಿಮಾನದ ಮೇಲೆ ಗುಂಡು ಹಾರಿಸಿ ವೀರಚಕ್ರ ಪಡೆದರು. ಅದೇ ತಿಂಗಳು ಅವರ ಸೋದರ ಡೆಂಜಿಲ್ ಕೂಡ. ರೆಕ್ಕೆಯಿಂದ ರೆಕ್ಕೆಗೆ ಏಳು ಮೀಟರೂ ಇಲ್ಲದ ಈ ಪುಟ್ಟ ವಿಮಾನವನ್ನು ರೂಪಿಸಿದ ಬ್ರಿಟನ್ ಅದನ್ನು ತರಬೇತಿಗೂ ಪ್ರದರ್ಶನಕ್ಕೂ ಇಟ್ಟುಕೊಂಡಿತು. ಯುದ್ಧದಲ್ಲಿ ಹಾರಿಸಿ ಅದಕ್ಕೆ ಹೆಸರು ತಂದವರು ನಮ್ಮವರು, ಪರವಾನಗಿ ಪಡೆದು ತಯಾರಿಸಿದ್ದು ಬೆಂಗಳೂರು. ಇಂಗ್ಲೆಂಡಿನ ಏರ್‌ಶೋಗಳಲ್ಲಿ ನ್ಯಾಟ್ ಹಾರಿದಾಗ ಧ್ವನಿವರ್ಧಕದಲ್ಲಿ ಕೇಳುವುದು ಪ್ರದರ್ಶನ ತಂಡದ ಕಥೆ. ಉಳಿದ ಕಥೆಯನ್ನು ಹೇಳಬೇಕಾದವರು ನಾವು.

ನನ್ನ ಸೋದರಮಾವ ಅರುವತ್ತರ ದಶಕದಲ್ಲಿ ಫಿಟ್ಟರ್ ಆಗಿ ಸೇರಿ, ಮಾರುತ್‌ಗಳ ಜೋಡಣೆಯಲ್ಲಿ ಕೆಲಸ ಮಾಡಿದವರು. ಈಗ ಎಂಬತ್ತು ದಾಟಿದೆ. ಕಳೆದ ಸಲ ಅವರನ್ನು ಆಟೋದಲ್ಲಿ ಕಸ್ತೂರಬಾ ರಸ್ತೆಗೆ ಕರೆದುಕೊಂಡು ಹೋದೆ. ಕನ್ನಡಕ ಒರೆಸಿಕೊಂಡು ವಿಮಾನವನ್ನು ಸುತ್ತುಹಾಕಿ, ರಿವೆಟ್ಟುಗಳ ಸಾಲನ್ನು ದಿಟ್ಟಿಸಿ ನೋಡಿದರು. ‘ನಾನು ಕೈ ಹಾಕಿದ್ದ ವಿಮಾನಗಳ ನಂಬರುಗಳನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ ಕಣೋ’ ಎಂದರು. ‘ಎಪ್ಪತ್ತೊಂದರಲ್ಲಿ ರೇಡಿಯೋ ಹಾಕಿಕೊಂಡು ಕೂರುತ್ತಿದ್ದೆವು. ವಿಮಾನ ಹೋಯಿತು, ವಿಮಾನ ಬಂತು ಅಂತ ಹೇಳುತ್ತಿದ್ದರು. ಯಾವ ನಂಬರು ಅಂತ ಯುದ್ಧದ ಹೊತ್ತಿನಲ್ಲಿ ಯಾರಾದರೂ ಹೇಳುತ್ತಾರೆಯೇ?’

‘ಯುದ್ಧ ಮುಗಿದ ಮೇಲೆ ಕೇಳಲಿಲ್ಲವೇ ಮಾವ?’ ಎಂದೆ.

‘ಯಾರನ್ನ ಕೇಳಲಿ?’

ಆ ಸಂಜೆ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಡೈರಿಯನ್ನು ಹುಡುಕಿದೆವು. ಸಿಕ್ಕಿತು; ಅಂಚು ಗೆದ್ದಲು ತಿಂದಿತ್ತು, ಶಾಯಿ ಮಾಸಿತ್ತು, ಒಂದಷ್ಟು ಅಂಕಿಗಳು ಮಾತ್ರ ಓದಲು ಬರುತ್ತಿದ್ದವು. ಕಸ್ತೂರಬಾ ರಸ್ತೆಯ ವಿಮಾನದ ಸಂಖ್ಯೆ ಅವುಗಳಲ್ಲಿ ಇರಲಿಲ್ಲ. ಓದಲು ಬಂದಷ್ಟನ್ನು ನಾನು ಬೇರೆ ಹಾಳೆಗೆ ಬರೆದುಕೊಳ್ಳುವವರೆಗೂ ಮಾವ ಟಾರ್ಚು ಹಿಡಿದು ಕುಳಿತಿದ್ದರು.